ಉಸಿರು ಹಿಡೀತೈತಿ ಅಂದರೆ ಇಂಗ್ಲಿಷಿನಲ್ಲಿ ಏನು?

ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗಕ್ಕೆ ಈ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ವಾರ ಮನೆಗೆ ಬಂದಿದ್ದಳು. ನಾನು ಬಿಟ್ಟುಬಂದ ಕುರ್ಚಿಯಲ್ಲೇ ಈಗ ಅವಳು ಕೂರುತ್ತಾಳಂತೆ. ಟೀ ಕುಡಿಯುತ್ತ ಕೇಳಿದಳು: "ಮೇಡಂ, ಹುಡುಗರು ಬಾಯೇ ಬಿಡವಲ್ರು. ಏನು ಕೇಳಿದ್ರೂ ತಲಿ ಕೆಳಗ ಹಾಕ್ತಾರ. ನೀವು ಇಷ್ಟು ವರ್ಷ ಹೆಂಗ ಕಲಿಸಿದ್ರಿ?"

ನಾನು ಅನುಭವಸ್ಥರ ಮುಖ ಮಾಡಿಕೊಂಡು, "ಪ್ರೀತಿಯಿಂದ ಕಲಿಸವ್ವಾ, ನಿಧಾನಕ್ಕ ಬರ್ತಾರ" ಅಂದೆ. ಅವಳು ತಲೆಯಾಡಿಸಿ ಹೋದಳು. ಅವಳು ಹೋದಮೇಲೆ ಕಪ್ಪು ತೊಳೆಯುತ್ತ ನನಗೆ ನಾಚಿಕೆಯಾಯಿತು. ನಾನು ಹಾಗೆ ಕಲಿಸಿರಲಿಲ್ಲ. ನನ್ನ ಹುಡುಗರು ನಿಧಾನಕ್ಕೆ ಬರಲೂ ಇಲ್ಲ. ನಿಜವಾಗಿ ಏನಾಯಿತೋ ಅದನ್ನು ಅವಳಿಗೆ ಬರೆದು ಕೊಡೋಣ ಎಂದು ಕೂತಿದ್ದೇನೆ.

ನಾನು ಆಂಧ್ರದ ಗಡಿಯ ಈ ಆದವಾನಿಯಲ್ಲೇ ಹುಟ್ಟಿ ಬೆಳೆದವಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಪಕ್ಕದ ಮನೆಯವರ ಜೊತೆ ಉರ್ದು. ಈ ಮೂರೂ ಯಾರೂ ಕಲಿಸದೆ ಬಂದವು. ಇಂಗ್ಲಿಷೊಂದನ್ನು ಕಲಿಸಿದರು, ಅದೊಂದೇ ಬರಲಿಲ್ಲ. ಬರಲಿಲ್ಲ ಅಂದರೆ ಬರೆಯಲು ಬರುತ್ತಿತ್ತು. ಅಂಚೆ ಮೂಲಕ ಓದಿ ಎಂ.ಎ. ಮಾಡಿದೆ. ದೊಡ್ಡ ದೊಡ್ಡ ನಾಟಕಗಳ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕವನ್ನೇ ತೆಗೆದುಕೊಂಡೆ. ಆದರೆ ಒಬ್ಬರ ಎದುರು ನಿಂತು ಇಂಗ್ಲಿಷಿನಲ್ಲಿ ಮಾತಾಡಿ, ಅವರ ಮಾತು ಕೇಳಿ, ಅದಕ್ಕೆ ಉತ್ತರ ಕೊಟ್ಟದ್ದು ಒಂದು ಸಲವೂ ಇರಲಿಲ್ಲ. ಅಂಥವಳಿಗೆ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಕೆಲಸ ಸಿಕ್ಕಿತು.

ಮೊದಲ ದಿನದ ಪಾಠವನ್ನು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗಂಟೆ ಹೊಡೆಯುವವರೆಗೂ ಎಲ್ಲಿಯೂ ನಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದೆ. ನಿಂತರೆ ಮುಂದಿನದು ಮರೆತುಹೋಗುತ್ತದೆ ಎಂಬ ಭಯ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಹಳ ಮರ್ಯಾದೆಯಿಂದ ತೆಲುಗಿನಲ್ಲಿ ಕೇಳಿದ: "ಮೇಡಂ, ಇದಿ ಇಂಗ್ಲಿಷ್ ಕ್ಲಾಸಾ, ಲೇಕಪೋತೇ ಏದೈನಾ ಮೀಟಿಂಗಾ?" ಇದು ಪಾಠವೋ, ಯಾವುದಾದರೂ ಸಭೆಯೋ ಎಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಮರುದಿನದಿಂದ ತೆಲುಗಿನಲ್ಲಿ ಪಾಠ ಶುರುಮಾಡಿದೆ. ಇಂಗ್ಲಿಷ್ ಸಾಲನ್ನು ಓದುವುದು, ಅರ್ಥವನ್ನು ತೆಲುಗಿನಲ್ಲಿ ಹೇಳುವುದು, ಹಳ್ಳಿಗಳಿಂದ ಬಂದ ಕನ್ನಡದ ಮಕ್ಕಳು ಮುಖ ಮುಖ ನೋಡಿದರೆ ಅದನ್ನೇ ಇನ್ನೊಮ್ಮೆ ಕನ್ನಡದಲ್ಲಿ ಹೇಳುವುದು, ಪರೀಕ್ಷೆಗೆ ಬರುವ ಉತ್ತರಗಳನ್ನು ಬರೆಸುವುದು. ಹುಡುಗರಿಗೂ ಹಾಯೆನಿಸಿತು, ನನಗೂ ಹಾಯೆನಿಸಿತು. ಮಾತಾಡು ಎಂದು ನಾನು ಅವರನ್ನು ಕೇಳುವುದಿಲ್ಲ, ಅವರು ನನ್ನನ್ನು ಕೇಳುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹೀಗೊಂದು ಒಪ್ಪಂದ ನಮ್ಮ ನಡುವೆ ಆಗಿಹೋಯಿತು. ಹಾಜರಿ ಕರೆಯುವಾಗ ಬರುತ್ತಿದ್ದ "ಪ್ರೆಸೆಂಟ್ ಮೇಡಂ" ಎಂಬುದೇ ಆ ಕೋಣೆಯಲ್ಲಿ ಹುಡುಗರ ಬಾಯಿಂದ ಹೊರಡುತ್ತಿದ್ದ ಇಂಗ್ಲಿಷು.

ಕನ್ನಡದ ಮಕ್ಕಳು ಇಂಗ್ಲಿಷ್ ಪದಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುತ್ತಿದ್ದರು, ಓದಲು ಸುಲಭವಾಗಲೆಂದು. ನಾನು ಅದನ್ನು ಕಂಡಾಗಲೆಲ್ಲ ಬೈದು ಅಳಿಸಿಸುತ್ತಿದ್ದೆ. ಡಿಗ್ರಿಗೆ ಬಂದು ಇನ್ನೂ ಇದೇನು ಕೂಸುಗಳ ಹಾಗೆ ಎನ್ನುತ್ತಿದ್ದೆ. ನನ್ನ ಎಂ.ಎ. ಪುಸ್ತಕಗಳಲ್ಲೂ ಹಾಗೆಯೇ ಬರೆದಿತ್ತು. ಅವನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದೆ.

ಒಂದು ಪಾಠದಲ್ಲಿ ಸೇನೆಯ ಅಧಿಕಾರಿಯೊಬ್ಬ ಬರುತ್ತಿದ್ದ. ಅವನ ಹುದ್ದೆಯನ್ನು ಬರೆದ ಹಾಗೆಯೇ "ಕೊಲೊನೆಲ್" ಎಂದು ಓದಿ ಹೇಳಿಕೊಟ್ಟೆ. ವರ್ಷಾನುಗಟ್ಟಲೆ ಹಾಗೆಯೇ ಹೇಳಿಕೊಟ್ಟೆ. ಸಿ. ಬೆಳಗಲ್ ಕಡೆಯ ಒಬ್ಬ ಹುಡುಗ ಸೇನೆಯ ಭರ್ತಿಗೆ ಹೋಗಿ ಬಂದು ನೇರವಾಗಿ ಸ್ಟಾಫ್ ರೂಮಿಗೆ ಬಂದ. ನಗುತ್ತಲೇ ಹೇಳಿದ:

"ಮೇಡಂ, ದೊಡ್ಡ ಸಾಹೇಬ್ರು ಎದುರಿಗೆ ಬಂದ್ರು. ಬೋರ್ಡ್ ಮ್ಯಾಲ ಹೆಸರು ಓದಿ, ಗುಡ್ ಮಾರ್ನಿಂಗ್ ಕೊಲೊನೆಲ್ ಸರ್ ಅಂದೆ. ಅಲ್ಲಿದ್ದೋರೆಲ್ಲ ಹೊಟ್ಟಿ ಹಿಡ್ಕೊಂಡು ನಕ್ರು. ಅದು ಕರ್ನಲ್ ಅಂತ್ರಿ."

"ಹೌದಾ?" ಅಂದೆ.

"ಹೌದ್ರಿ. ನಾ ಅಂದೆ, ನಮ್ಮ ಮೇಡಂ ಹಿಂಗ ಹೇಳ್ಯಾರ ಅಂತ. ಮತ್ತೂ ನಕ್ರು."

ಅವನು ಆಯ್ಕೆಯಾಗಿದ್ದ. ಪೇಡೆ ತಂದಿದ್ದ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಪೇಡೆ ತಿಂದು ನಕ್ಕರು. ಎಲ್ಲಿಯೋ ದೂರದ ಊರಿನ ಮೈದಾನದಲ್ಲಿ ಗೊತ್ತಿಲ್ಲದ ಜನ ನನ್ನನ್ನು ನೆನೆದು ನಕ್ಕಿದ್ದಾರೆ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಪ್ರತಿ ಪದವನ್ನೂ ಅನುಮಾನದಿಂದ ಓದತೊಡಗಿದೆ. ಅನುಮಾನ ಬಂದ ಪದ ಇದ್ದರೆ ಆ ಸಾಲನ್ನೇ ಹಾರಿಸಿ ಮುಂದೆ ಹೋಗುತ್ತಿದ್ದೆ.

ಆಮೇಲೆ ಭಾಷಾ ಪ್ರಯೋಗಾಲಯ ಎಂದು ಬಂತು. ಒಂದು ಕೋಣೆ ತುಂಬ ಕಂಪ್ಯೂಟರ್, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಅದರೊಳಗಿಂದ ಹೊರದೇಶದ ಹೆಂಗಸೊಬ್ಬಳು ಮಾತಾಡುತ್ತಾಳೆ, ನಾವು ಅವಳ ಹಾಗೆ ಹೇಳಬೇಕು. ಒಬ್ಬ ಹುಡುಗಿ ಹೆಡ್‌ಫೋನ್ ತೆಗೆದು ಕೇಳಿದಳು: "ಮೇಡಂ, ಈಕಿ ನಮ್ಮೂರಿಗೆ ಬಂದು ಕನ್ನಡ ಮಾತಾಡಿದ್ರ ನಾವೂ ನಗ್ತೀವಿ, ಅಲ್ಲೇನ್ರಿ?" ಹೆಡ್‌ಫೋನ್ ಹಾಕಿಕೊ ಎಂದೆ. ಆ ಕೋಣೆಯ ಬೀಗದಕೈ ನನ್ನ ಬಳಿಯೇ ಇರುತ್ತಿತ್ತು. ತಪಾಸಣೆಯವರು ಬಂದಾಗ ಮಾತ್ರ ತೆಗೆಯುತ್ತಿದ್ದೆ. ಧೂಳು ಬೀಳುತ್ತದೆ ಎನ್ನುವುದು ನಾನು ಕೊಡುತ್ತಿದ್ದ ಕಾರಣ.

ಅಲ್ಲಿಯವರೆಗೆ ಇಂಗ್ಲಿಷ್ ಎಂದರೆ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಅಷ್ಟೇ. ಅದರಲ್ಲಿ ಕುಂಟಿದರೂ ಉಳಿದದ್ದರಲ್ಲಿ ನಡೆಯಬಹುದಿತ್ತು. ಆಮೇಲೆ ಡಿಗ್ರಿಯೆಲ್ಲ ಇಂಗ್ಲಿಷ್ ಮಾಧ್ಯಮವಾಯಿತು. ತೆಲುಗಿನಲ್ಲಿ, ಕನ್ನಡದಲ್ಲಿ ಓದಿ ಬಂದ ಮಕ್ಕಳು ರಸಾಯನಶಾಸ್ತ್ರದ ಪುಸ್ತಕ ಹಿಡಿದು ನನ್ನ ಬಳಿ ಬಂದು ಅರ್ಥ ಕೇಳುತ್ತಿದ್ದರು. ಅದು ನನಗೆ ಅವರಿಗಿಂತ ಕಡಿಮೆ ತಿಳಿಯುತ್ತಿತ್ತು. ಮಾಳಮ್ಮ ಬಂದದ್ದು ಆಗ.

ಮಾಳಮ್ಮನ ಊರು ದೇವನಕೊಂಡದ ದಾರಿಯಲ್ಲಿ ಒಳಕ್ಕೆ ಇತ್ತು. ತಂದೆ ತಾಯಿ ಕುರಿ ಕಾಯುವವರು. ಹತ್ತರವರೆಗೆ ಕನ್ನಡ, ಆಮೇಲಿನ ಎರಡು ವರ್ಷದ ಇಂಟರ್ ತೆಲುಗಿನಲ್ಲಿ, ಈಗ ಬಿಎಸ್ಸಿ ಇಂಗ್ಲಿಷಿನಲ್ಲಿ. ಆದವಾನಿಯಲ್ಲಿ ಚಿಗವ್ವನ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿ ಇದ್ದು ಓದುತ್ತಿದ್ದಳು. ಚಿಗವ್ವ ಈರಮ್ಮ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯೊಳಗಿನ ಕಸ ಆರಿಸುವ ಕೂಲಿ.

ಒಂದು ದಿನ ಮೇಲಿನವರ ಆದೇಶದಂತೆ ಎಲ್ಲರಿಂದಲೂ ತಮ್ಮ ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿಸಬೇಕಾಯಿತು. ಒಬ್ಬೊಬ್ಬರೇ ಬಂದು ನೆಲ ನೋಡುತ್ತ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಓಡಿಹೋಗುತ್ತಿದ್ದರು. ಮಾಳಮ್ಮ ಬಂದು ನಮ್ಮನ್ನೆಲ್ಲ ನೋಡುತ್ತ, "ಮೈ ಫಾದರ್ ಈಸ್ ಶೀಪ್" ಅಂದಳು. ನಮ್ಮಪ್ಪ ಕುರಿ ಎಂದ ಹಾಗಾಯಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳು ನಗು ನಿಲ್ಲುವವರೆಗೆ ಕಾದು ನನ್ನ ಕಡೆ ತಿರುಗಿ, "ತಪ್ಪಾತೇನ್ರಿ?" ಎಂದು ಕೇಳಿದಳು. ಕುರಿ ಕಾಯುವವರಿಗೆ ಶೆಫರ್ಡ್ ಅನ್ನಬೇಕು ಎಂದೆ. "ಮೈ ಫಾದರ್ ಈಸ್ ಶೆಫರ್ಡ್. ಮೈ ಮದರ್ ಆಲ್ಸೋ. ಅವರ್ ಡಾಗ್ ಆಲ್ಸೋ" ಅಂದಳು. ಮತ್ತೆ ನಗು. ಈ ಸಲ ಅವಳೂ ಸೇರಿ ನಕ್ಕಳು. ನನಗೆ ಅವಳನ್ನು ಕಂಡು ಸಂತೋಷವಾಯಿತು ಎಂದು ಬರೆಯಬೇಕೆನಿಸುತ್ತದೆ. ಆದರೆ ಆಗ ಆದದ್ದು ಹೊಟ್ಟೆಕಿಚ್ಚು.

ಹತ್ತಿ ಸುಗ್ಗಿಯಲ್ಲಿ ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಹೊರದೇಶದ ಬಟ್ಟೆ ಕಂಪನಿಯೊಂದರ ಪ್ರತಿನಿಧಿ ಆದವಾನಿಗೆ ಬರುತ್ತಿದ್ದಾರೆ, ಅವರು ಕೊಳ್ಳುವ ಹತ್ತಿ ಎಲ್ಲಿ ಹೇಗೆ ತಯಾರಾಗುತ್ತದೆ ಎಂದು ನೋಡುತ್ತಾರೆ, ಮಿಲ್ಲಿನ ಕೂಲಿ ಹೆಂಗಸರ ಜೊತೆ ಮಾತಾಡುತ್ತಾರೆ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಮಿಲ್ಲಿಗೆ ಸಂಬಂಧವಿಲ್ಲದ ಒಬ್ಬರು ಬೇಕಂತೆ. ಮಿಲ್ಲಿನ ಮ್ಯಾನೇಜರು ಪ್ರಿನ್ಸಿಪಾಲರಿಗೆ ಪರಿಚಯ. "ಮನ ಇಂಗ್ಲಿಷ್ ಮೇಡಂ ಉನ್ನಾರು ಕದಾ", ನಮ್ಮ ಇಂಗ್ಲಿಷ್ ಮೇಡಂ ಇದ್ದಾರಲ್ಲ, ಎಂದು ಒಪ್ಪಿಕೊಂಡುಬಿಟ್ಟಿದ್ದರು. ಮೈಗೆ ಹುಷಾರಿಲ್ಲ ಎಂದೆ. ಕಾಲೇಜಿಗೆ ಗೌರವ ಎಂದರು. ಹೂಗುಚ್ಛ ಹಿಡಿಯಲು ಒಬ್ಬ ವಿದ್ಯಾರ್ಥಿನಿಯನ್ನೂ ಕರೆದುಕೊಂಡು ಹೋಗಿ ಎಂದರು.

ಕ್ಲಾಸಿನಲ್ಲಿ ಕೇಳಿದಾಗ ಮಾಳಮ್ಮ ಎದ್ದು ನಿಂತಳು. "ನಾ ಬರ್ತೀನ್ರಿ. ನಮ್ಮ ಚಿಗವ್ವ ಅಲ್ಲೇ ಕೆಲಸ ಮಾಡ್ತಾಳ."

ಮಿಲ್ಲಿನ ಅಂಗಳದಲ್ಲಿ ಹತ್ತಿ ಗುಡ್ಡ ಗುಡ್ಡವಾಗಿ ಬಿದ್ದಿತ್ತು. ಒಳಗೆ ಯಂತ್ರಗಳ ಸದ್ದು. ಗಾಳಿಯೇ ಬೆಳ್ಳಗೆ ಕಾಣುವಷ್ಟು ಹತ್ತಿಯ ಎಳೆ ಹಾರಾಡುತ್ತಿತ್ತು. ಹೆಂಗಸರೆಲ್ಲ ಹೊಸ ಮಾಸ್ಕು ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಪ್ರತಿನಿಧಿ ಎತ್ತರದ ಮನುಷ್ಯ, ನಗುಮುಖ. ಬಂದವರೇ ಕೈಕುಲುಕಿ ಏನೋ ಹೇಳಿದರು. ಅದರಲ್ಲಿ ಒಂದು ಪದವೂ ನನಗೆ ತಿಳಿಯಲಿಲ್ಲ. ನಾನು ಓದಿದ ಇಂಗ್ಲಿಷಿನಲ್ಲಿ ಪದ ಪದಕ್ಕೂ ನಡುವೆ ಜಾಗ ಇತ್ತು. ಅವರ ಬಾಯಲ್ಲಿ ಎಲ್ಲವೂ ಅಂಟಿಕೊಂಡು ಬರುತ್ತಿತ್ತು. "ಯೆಸ್ ಸರ್" ಅಂದೆ. ಅವರು ಇನ್ನೇನೋ ಕೇಳಿದರು. ಮತ್ತೆ "ಯೆಸ್ ಸರ್" ಅಂದೆ. ನನ್ನ ಕ್ಲಾಸಿನ ಹುಡುಗರು ನನ್ನ ಮುಂದೆ ಹೇಗೆ ತಲೆಯಾಡಿಸುತ್ತಿದ್ದರೋ ಹಾಗೆ ಅವರ ಮುಂದೆ ನಾನು ತಲೆಯಾಡಿಸುತ್ತಿದ್ದೆ.

ಈರಮ್ಮನ ಮುಂದೆ ನಿಂತು ಅವರು ಧೂಳಿನ ಕಡೆ ಕೈ ತೋರಿಸಿ, ಬಾಯಿ ಮುಟ್ಟಿಕೊಂಡು ಏನೋ ಕೇಳಿದರು. ಕೈ ನೋಡಿ ನಾನು ಪ್ರಶ್ನೆ ಊಹಿಸಿದೆ. "ಧೂಳಿನಿಂದ ಏನಾರ ತೊಂದ್ರಿ ಆಗ್ತೈತೇನವ್ವಾ ಅಂತ ಕೇಳ್ತಾರ" ಅಂದೆ.

ಈರಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿ ಮ್ಯಾನೇಜರ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಕಡೆ ನೋಡಿ ಹೇಳಿದಳು: "ಏನ್ ಹೇಳೂದ್ರಿ, ಮನಿಗಿ ಹೋಗಿ ಮಕ್ಕೊಂಡ್ರ ಉಸಿರು ಹಿಡೀತೈತಿ. ಕೆಮ್ಮು ನಿಂದ್ರೂದಿಲ್ಲ. ಈ ಬಾಯಿಗಿ ಕಟ್ಟೋದು ಇವತ್ತೇ ಕೊಟ್ಟಾರ ನೋಡ್ರಿ."

ಕನ್ನಡದಲ್ಲಿ ಎಲ್ಲವೂ ತಿಳಿಯಿತು. ಉಸಿರು ಹಿಡೀತೈತಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು? ಹುಡುಕಿದೆ. ಉಸಿರು ಸಿಕ್ಕಿತು, ಹಿಡಿಯುವುದು ಸಿಕ್ಕಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. "ದೇ ಹೋಲ್ಡ್ ದಿ ಬ್ರೆತ್, ಸರ್" ಅಂದೆ. ಅಂದರೆ ಇವರು ಬೇಕೆಂದೇ ಉಸಿರು ಬಿಗಿಹಿಡಿದುಕೊಂಡು ಕೆಲಸ ಮಾಡುತ್ತಾರೆ ಎಂದಾಯಿತು. ಕೆಮ್ಮಿನ ಮಾತು ಆ ಗಾಬರಿಯಲ್ಲಿ ಮರೆತೇಹೋಯಿತು. ಮಾಸ್ಕಿನ ಬಗ್ಗೆ "ದೇ ಹ್ಯಾವ್ ಗಿವನ್" ಎಂದಷ್ಟೇ ಹೇಳಿದೆ. ವಾಕ್ಯ ಮುಗಿಸಲು ಏನೂ ತೋಚದೆ ಕೊನೆಗೆ, "ನೋ ಪ್ರಾಬ್ಲಮ್ ಸರ್" ಎಂದು ಸೇರಿಸಿದೆ. ಆ ಎರಡು ಪದ ಎಲ್ಲಿಂದ ಬಂದವೋ ನನಗೆ ಇಂದಿಗೂ ತಿಳಿಯದು. ಮ್ಯಾನೇಜರು ಮುಗುಳ್ನಕ್ಕರು. ಪ್ರತಿನಿಧಿ ಹುಬ್ಬು ಗಂಟಿಕ್ಕಿ ಬರೆದುಕೊಳ್ಳಲು ಹೊರಟರು.

"ನೋ ಸರ್."

ಮಾಳಮ್ಮನ ದನಿ. ಹೂಗುಚ್ಛ ಕೊಟ್ಟಾದ ಮೇಲೆ ಅವಳು ನನ್ನ ಹಿಂದೆ ನಿಂತಿದ್ದಳು.

"ನೋ ಸರ್. ಮೇಡಂ ಟೋಲ್ಡ್ ರಾಂಗ್." ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. "ನೈಟ್, ಬ್ರೆತ್ ನಾಟ್ ಕಮಿಂಗ್. ಕಾಫ್. ಆಲ್ವೇಸ್ ಕಾಫ್. ಮಾಸ್ಕ್ ಟುಡೇ ಓನ್ಲಿ. ಯೆಸ್ಟರ್‌ಡೇ ನೋ ಮಾಸ್ಕ್."

ಪ್ರತಿನಿಧಿ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಈಸ್ ದಟ್ ರೈಟ್?" ಎಂದು ಕೇಳಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ನನಗೆ ಪೂರ್ತಿ ತಿಳಿದದ್ದು ಅದೊಂದೇ. ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು.

"ಯೆಸ್ ಸರ್" ಅಂದೆ. "ಶೀ ಈಸ್ ರೈಟ್. ಐ ಆಮ್ ರಾಂಗ್."

ಆಮೇಲೆ ಅವರು ಮಾಳಮ್ಮನನ್ನೇ ಕೇಳತೊಡಗಿದರು. ಅವಳಿಗೂ ಅವರ ಮಾತು ತಿಳಿಯುತ್ತಿರಲಿಲ್ಲ. ಆದರೆ ತಿಳಿಯದಿದ್ದಾಗ ಕೈ ಎತ್ತಿ, ಕುರಿಹಿಂಡನ್ನು ನಿಲ್ಲಿಸುವ ಹಾಗೆ, "ಸ್ಲೋ ಸರ್, ಸ್ಲೋ" ಅನ್ನುತ್ತಿದ್ದಳು. ಅವರು ನಿಧಾನವಾಗಿ ಹೇಳುತ್ತಿದ್ದರು. ನಾನೂ ಅದನ್ನು ಹೇಳಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ತಿಳಿಯಲಿಲ್ಲ ಎಂದು ಹೇಳುವುದನ್ನು ನಾನು ಯಾವ ವರ್ಷವೂ ಯಾರಿಗೂ ಕಲಿಸಿರಲಿಲ್ಲ.

ವಾಪಸು ಆಟೋದಲ್ಲಿ ಬಂದೆವು. ಕಾಲೇಜಿನ ಗೇಟು ಬಂದಾಗ ಅವಳು ಸಣ್ಣ ದನಿಯಲ್ಲಿ, "ತಪ್ಪಾತ್ರಿ ಮೇಡಂ" ಅಂದಳು. ಇಲ್ಲವ್ವಾ, ನೀನು ಮಾಡಿದ್ದೇ ಸರಿ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಆತು ಬಿಡು."

ಮಾತು ನಮಗಿಂತ ಮೊದಲೇ ಕಾಲೇಜು ತಲುಪಿತ್ತು. ಪ್ರಿನ್ಸಿಪಾಲರು, "ಕಾಲೇಜಿ ಪರುವು ತೀಸೇಶಾರು ಮೇಡಂ" ಎಂದರು. ಮರ್ಯಾದೆ ತೆಗೆದಿರಿ ಎಂದು. ಮರುದಿನ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನವರು ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ತಾರೀಕು ಬರೆದೆ. ಬರೆದು ಅಳಿಸಿ ಮತ್ತೆ ಬರೆದೆ.

ಮಾಳಮ್ಮ ಬಂದಿರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಅವಳ ಪಕ್ಕ ಕೂರುತ್ತಿದ್ದ ಹುಡುಗಿಯನ್ನು ಕೇಳಿದೆ. ನಾಳೆಯಿಂದ ಬರಬೇಡ ಎಂದು ಮಿಲ್ಲಿನ ಮೇಸ್ತ್ರಿ ಈರಮ್ಮನಿಗೆ ಹೇಳಿದನಂತೆ. ಈರಮ್ಮ ಬಾಡಿಗೆ ಮನೆ ಬಿಟ್ಟು ಮಾಳಮ್ಮನನ್ನೂ ಕರೆದುಕೊಂಡು ಊರಿಗೆ ಹೋಗಿಬಿಟ್ಟಿದ್ದಳು.

ಮಿಲ್ಲಿಗೆ ಹೋದೆ. ಮ್ಯಾನೇಜರು ಕುರ್ಚಿ ಹಾಕಿಸಿ ಕೂರಿಸಿ, ಮಜ್ಜಿಗೆ ತರಿಸಿ, ಬಹಳ ವಿನಯದಿಂದ ತೆಲುಗಿನಲ್ಲಿ ಮಾತಾಡಿದರು. ಕೆಲಸ ಕಡಿಮೆಯಾಗಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಕಿಟಕಿಯಾಚೆ ಹತ್ತಿಯ ಗುಡ್ಡಗಳು ಹಾಗೆಯೇ ಇದ್ದವು, ಗೇಟಿನ ಹೊರಗೆ ಲಾರಿಗಳು ಕಾದಿದ್ದವು. ನಾನು ಏಳುವಾಗ, "ಅಯಿನಾ ಮೇಡಂ, ಮೀ ಸ್ಟೂಡೆಂಟ್ ಇಂಗ್ಲಿಷ್ ಚಾಲಾ ಬಾಗುಂದಿ", ನಿಮ್ಮ ವಿದ್ಯಾರ್ಥಿನಿಯ ಇಂಗ್ಲಿಷ್ ಬಹಳ ಚೆನ್ನಾಗಿದೆ, ಎಂದು ನಕ್ಕರು. ಮಜ್ಜಿಗೆ ಕುಡಿದಿದ್ದೆನಲ್ಲ, ನಮಸ್ಕಾರ ಹೇಳಿ ಬಂದೆ.

ಭಾನುವಾರ ಬಸ್ಸು ಹಿಡಿದು, ಬಸ್ಸಿಳಿದು ಶೇರ್ ಆಟೋ ಹಿಡಿದು ಅವರ ಊರಿಗೆ ಹೋದೆ. ಮಾಳಮ್ಮನ ತಾಯಿ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ನನ್ನ ಹೆಸರು ಕೇಳುತ್ತಲೇ ಗಾಬರಿಯಾಗಿ ಕೈ ಒರೆಸಿಕೊಂಡು ಬಂದಳು. ಕಂಬಳಿ ಹಾಸಿದಳು. ನಾನು ಇನ್ನೂ ಕೂತಿರಲಿಲ್ಲ.

"ಗೊತ್ತಾತ್ರಿ ಮೇಡಂ. ಗುರುವಿಗೆ ಎದುರು ಮಾತಾಡ್ಯಾಳ. ನಾಕು ಮಂದಿಯಾಗ ನಿಮ್ಮ ಮರ್ಯಾದಿ ತಗದಾಳ. ನಮಗ ಇಲ್ಲಿ ಮುಖ ಎತ್ತಾಕ ಆಗವಲ್ದು." ಒಳಗೆ ತಿರುಗಿ ಕೂಗಿದಳು: "ಏ ಮಾಳೀ, ಬಾರ ಇಲ್ಲಿ. ಮೇಡಂ ಕಾಲಿಗಿ ಬೀಳು."

ಮಾಳಮ್ಮ ಬಂದಳು. ಬಗ್ಗುತ್ತಿದ್ದವಳ ತೋಳು ಹಿಡಿದುಕೊಂಡೆ. "ಬ್ಯಾಡವ್ವಾ. ಈಕಿ ಹೇಳಿದ್ದೇ ಖರೇ ಐತಿ. ತಪ್ಪು ಹೇಳಿದಾಕಿ ನಾನು."

"ಹಂಗನಬ್ಯಾಡ್ರಿ" ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ದೊಡ್ಡೋರು, ಹಂಗಂತೀರಿ."

ಈರಮ್ಮನೂ ಬಾಗಿಲಿಗೆ ಬಂದಳು. ಅವಳ ಕಡೆ ತಿರುಗಿ ಬಿಡಿಸಿ ಹೇಳಿದೆ. "ಈರಮ್ಮಾ, ನೀನು ಉಸಿರು ಹಿಡೀತೈತಿ ಅಂದಿ. ನಾನು ಅವರಿಗೆ, ನೀನೇ ಬೇಕಂತ ಉಸಿರು ಬಿಗಿ ಹಿಡ್ಕೊಂತಿ ಅಂತ ಹೇಳಿಬಿಟ್ಟೆ. ಏನೂ ತೊಂದ್ರಿ ಇಲ್ಲಂತಾನೂ ಹೇಳಿದೆ. ನನಗ ಆ ಮಾತು ಇಂಗ್ಲಿಷಿನಾಗ ಬರಲಿಲ್ಲ."

ಅಕ್ಕ ತಂಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಈರಮ್ಮ ನಕ್ಕುಬಿಟ್ಟಳು.

"ಇಂಗ್ಲಿಷ್ ಮೇಡಂಗ ಇಂಗ್ಲಿಷ್ ಬರಲಿಲ್ಲ ಅಂದ್ರ ಯಾರು ನಂಬ್ತಾರ್ರಿ? ಹುಡುಗಿನ ಉಳಿಸಾಕ ಹೇಳ್ತೀರಿ. ನನ್ನ ಕೂಲಿ ಹೋಗಿದ್ದಕ್ಕ ನೀವೇನ್ ಮಾಡೀರಿ? ನಾನೇ ಬಾಯಿ ಮುಚ್ಕೊಂಡು ಇರಬೇಕಿತ್ತು."

"ಖರೇ ಹೇಳ್ತೀನಿ, ಈರಮ್ಮಾ."

"ನೋಡಕ್ಕಾ, ಎಂಥಾ ದೊಡ್ಡ ಮನಸ್ಸು" ಎಂದು ಈರಮ್ಮ ಅಕ್ಕನಿಗೆ ಹೇಳಿದಳು. ಅಷ್ಟರಲ್ಲಿ ಪಕ್ಕದ ಹಟ್ಟಿಯ ಹೆಂಗಸರೂ ಬಂದು ನಿಂತಿದ್ದರು. ಅವರಿಗೂ ಅವಳು ಅದನ್ನೇ ಹೇಳಿದಳು. ಹುಡುಗಿ ಮರ್ಯಾದೆ ತೆಗೆದರೂ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ಮೇಡಂ ಮನೆಯವರೆಗೆ ಬಂದಿದ್ದಾರೆ ಎಂದು. ನಾನು ಎಷ್ಟು ಒತ್ತಿ ಹೇಳಿದೆನೋ ಅಷ್ಟೂ ನನ್ನ ಮೇಲಿನ ಗೌರವ ಬೆಳೆಯಿತು. ಬಿಸಿ ರೊಟ್ಟಿ ಮಾಡಿ, ಬೆಣ್ಣೆ ಹಾಕಿ ಕೊಟ್ಟರು. ತಿನ್ನದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ತಿಂದೆ.

ರಸ್ತೆಯವರೆಗೆ ಬಿಡಲು ಮಾಳಮ್ಮ ಬಂದಳು. ಸ್ವಲ್ಪ ದೂರ ನಡೆದ ಮೇಲೆ ಅವಳೇ ಅಂದಳು: "ಬಿಡ್ರಿ ಮೇಡಂ. ಅವರು ನಂಬೂದಿಲ್ಲ."

"ಕಾಲೇಜಿಗೆ ಬಾ" ಅಂದೆ. "ಹಾಸ್ಟೆಲ್‌ನಾಗ ಜಾಗ ಕೊಡಿಸ್ತೀನಿ."

"ಎಲ್ಲಾರೂ ನಗ್ತಾರ್ರಿ."

"ನಗೋರಿಗೆ ನೀ ಯಾವತ್ತು ಹೆದರಿದಿ?"

ಅವಳು ಕಾಲಿನಿಂದ ಕಲ್ಲೊಂದನ್ನು ಬದಿಗೆ ಸರಿಸಿದಳು. "ನನ್ನ ನೋಡಿ ಅಲ್ರಿ. ನಾ ಬಂದು ಎದುರಿಗೆ ಕುಂತ್ರ ನಿಮ್ಮನ್ನ ನೋಡಿ ನಗ್ತಾರ."

ಅವಳು ಇಷ್ಟು ದಿನ ಕ್ಲಾಸು ಬಿಟ್ಟದ್ದು ನನ್ನ ಮರ್ಯಾದೆ ಕಾಯಲು! ಚಿಗವ್ವನ ಕೂಲಿ ಹೋದ ಸಿಟ್ಟು ಇರಬಹುದು, ನನ್ನ ಮೇಲೆ ಕೋಪ ಇರಬಹುದು ಎಂದು ಏನೇನೋ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆಟೋ ಬರುವವರೆಗೆ ಅವಳ ಮುಖ ನೋಡಲಾಗಲಿಲ್ಲ. "ನಗಲಿ ಬಾ" ಎಂದಷ್ಟೇ ಹೇಳಿದೆ.

ಹಾಸ್ಟೆಲಿನ ವಾರ್ಡನ್ನನ್ನು ಕಾಡಿ ಬೇಡಿ ಜಾಗ ಕೊಡಿಸಿದೆ. ಮಾಳಮ್ಮ ಬಂದಳು. ಅವಳು ಬಂದ ದಿನ ಬೋರ್ಡಿನ ಮೇಲೆ ದೊಡ್ಡದಾಗಿ ಕನ್ನಡದಲ್ಲೇ ಬರೆದೆ: ಉಸಿರು ಹಿಡೀತೈತಿ. ಇದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು, ನನಗೆ ಅವತ್ತು ಬರಲಿಲ್ಲ, ಹೇಳಿ ಎಂದೆ. ಮೊದಲು ನಗು. ನಾನು ಕಾದೆ. ತೆಲುಗಿನ ಹುಡುಗನೊಬ್ಬ, ನಮ್ಮಲ್ಲಿ ಊಪಿರಾಡದು ಅಂತೀವಿ, ಉಸಿರೇ ಆಡುವುದಿಲ್ಲ ಎಂದ ಹಾಗೆ ಎಂದ. ಉರ್ದು ಮಾತಾಡುವ ಹುಡುಗಿ, ದಮ್ ಘುಟ್ತಾ ಅಂತೀವಿ, ಉಸಿರು ಕಟ್ಟುತ್ತದೆ ಎಂದ ಹಾಗೆ ಅಂದಳು. ಹಿಡಿಯುವುದು, ಆಡುವುದು, ಘುಟ್ಟುವುದು ಎಂದು ಜಗಳ ಹತ್ತಿತು. ಇಂಗ್ಲಿಷಿಗೆ ಒಬ್ಬೊಬ್ಬರು ಒಂದೊಂದು ಹೇಳಿದರು, ಎಲ್ಲ ತಪ್ಪು. ಯಾರೋ ಮೊಬೈಲಿನಲ್ಲಿ ಹುಡುಕಿದರು, ಅದೂ ತಪ್ಪಾಗಿಯೇ ಹೇಳಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಅಂದಿನಿಂದ ನಾನು ಬದಲಾದೆ ಎಂದು ಬರೆದರೆ ಸುಳ್ಳಾಗು‌ತ್ತದೆ. ಸಿಲಬಸ್ ಬಾಕಿ ಇತ್ತು. ಪರೀಕ್ಷೆ ಹತ್ತಿರವಿತ್ತು. ಮರುದಿನ ಮತ್ತೆ ತೆಲುಗಿನಲ್ಲಿ ಅರ್ಥ ಹೇಳಿ ಉತ್ತರ ಬರೆಸಿದೆ. ಆದರೆ ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಮೊದಲು, ನನಗೆ ತಿಳಿಯಲಿಲ್ಲ, ನಿಧಾನವಾಗಿ ಇನ್ನೊಮ್ಮೆ ಹೇಳಿ ಎಂಬುದನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಸುತ್ತಿದ್ದೆ. ಪೆನ್ಸಿಲಿನ ಕನ್ನಡ ಅಕ್ಷರ ಅಳಿಸಿಸುವುದನ್ನು ಬಿಟ್ಟೆ. ನಿವೃತ್ತಿಯವರೆಗೆ ನನ್ನಿಂದಾದ ಸುಧಾರಣೆ ಇಷ್ಟೇ.

ಆ ಪ್ರತಿನಿಧಿ ಏನು ಬರೆದರೋ, ಆ ಸುಗ್ಗಿ ಮುಗಿಯುವವರೆಗೂ ಮಿಲ್ಲಿನಲ್ಲಿ ಹೆಂಗಸರಿಗೆ ಮಾಸ್ಕು ಕೊಟ್ಟರಂತೆ. ಆಮೇಲಿನದು ಗೊತ್ತಿಲ್ಲ. ಈರಮ್ಮನಿಗೆ ಮಾತ್ರ ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಮಾಳಮ್ಮ ಡಿಗ್ರಿ ಮುಗಿಸಿ ಈಗ ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಆಗಾಗ ಫೋನು ಮಾಡುತ್ತಾಳೆ. ಡಾಕ್ಟರರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ, ತಪ್ಪು ತಪ್ಪಾಗಿ, ಎನ್ನುತ್ತಾಳೆ.

ಹೋದ ತಿಂಗಳು ಮಾರ್ಕೆಟ್ಟಿನಲ್ಲಿ ಈರಮ್ಮ ಸಿಕ್ಕಳು. ಈಗ ಅಲ್ಲಿ ಸೊಪ್ಪು ಮಾರುತ್ತಾಳೆ. ನನ್ನನ್ನು ಕಂಡವಳೇ ಎದ್ದು ಬಂದು ಕೈ ಹಿಡಿದುಕೊಂಡು, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಹೇಳಿದಳು:

"ಇವರೇ ನೋಡು ನಾ ಹೇಳಿದ ಮೇಡಂ. ನಮ್ಮ ಹುಡುಗಿ ಬುದ್ಧಿ ಇಲ್ದ ಅಷ್ಟು ಮಂದಿಯಾಗ ಇವರ ಮರ್ಯಾದಿ ತಗದ್ಲು. ಇವರು ಸಿಟ್ಟಾಗಲಿಲ್ಲ. ತಪ್ಪು ನಂದೇ ಅಂತ ಊರಿಗೇ ಬಂದ್ರು. ಅಂಥಾ ಗುರು ಸಿಗ್ತಾರೇನು ಈಗ?"

ಆ ಹೆಂಗಸು ನನಗೆ ಕೈ ಮುಗಿದಳು. ಈರಮ್ಮ ಬೇಡವೆಂದರೂ ಕೇಳದೆ ಒಂದು ಕಟ್ಟು ಮೆಂತ್ಯ ಸೊಪ್ಪನ್ನು ನನ್ನ ಚೀಲಕ್ಕೆ ತುರುಕಿದಳು. ಹಾಗಲ್ಲ ಈರಮ್ಮಾ, ಅವತ್ತು ನಡೆದದ್ದು ಬೇರೆ ಎಂದು ಹೇಳಬೇಕಿತ್ತು. ಇಂಗ್ಲಿಷಿನಲ್ಲೇನೂ ಅಲ್ಲ, ಕನ್ನಡದಲ್ಲಿ ಹೇಳಬೇಕಿತ್ತು. ಅದೂ ನನ್ನ ಬಾಯಿಗೆ ಬರಲಿಲ್ಲ. ಸೊಪ್ಪು ಹಿಡಿದುಕೊಂಡು ಮನೆಗೆ ಬಂದೆ.